ಕಟಿಂಗ್ ಕಾಗದ ಕೇಳುತ್ತಿದ್ದ ನಸೀಮಾ ಅಕ್ಕೋರು

ಕಳೆದ ವರ್ಷ ಜೂನ್ ತಿಂಗಳ ಎರಡನೇ ಸೋಮವಾರ ಬೆಳಿಗ್ಗೆ, ಬೈಲಹೊಂಗಲದ ನಮ್ಮ ಹೊಲಿಗೆ ತರಬೇತಿ ಕೇಂದ್ರದಲ್ಲಿ ಹೊಲಿಗೆ ಕಲಿಸುವ ನಸೀಮಾ ಅಕ್ಕೋರು ಕಂಪ್ಯೂಟರಿನ ಇಂಟರ್ನೆಟ್ ವಾಯರ್ ಕಿತ್ತರು. ಕಿತ್ತದ್ದನ್ನು ಕೈಯಲ್ಲೇ ಹಿಡಿದುಕೊಂಡು, "ಈಗ ತೋರಸ್ರಿ ನಿಮ್ಮ ಪಾಠ" ಅಂದರು.

ಕಂಪ್ಯೂಟರ್ ಶಿಕ್ಷಕ ಬಸವರಾಜ ಪುಟವನ್ನು ಮತ್ತೆ ತೆರೆದ. ಜಂಪರಿನ, ಅಂದರೆ ರವಿಕೆಯ, ಚಿತ್ರ ಬರಬೇಕಿದ್ದ ಜಾಗ ಬಿಳಿಯಾಗಿ ಉಳಿಯಿತು.

"ಅಕ್ಕೋರ, ವಾಯರ್ ಕಿತ್ರ ಹೆಂಗ ಬರತೈತ್ರಿ?"

"ತೊರಗಲ್ಲಿನಿಂದ ಬರೂ ಹೆಣ್ಮಕ್ಕಳ ಫೋನಿನಾಗ ದಿನಾ ಕಿತ್ತಂಗ ಇರತೈತಿ, ಬಸಣ್ಣ. ಅವರೇನು ಪಾಠಕ್ಕ ಗುಡ್ಡಾ ಹತ್ತಬೇಕೇನು?"

ನಮ್ಮ ಸಂಸ್ಥೆಗೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ನಾಲ್ಕು ಕೇಂದ್ರಗಳಿವೆ. ಎಲ್ಲ ಬಗೆಯ ಕಟಿಂಗ್ ಬಲ್ಲವರು ಅಕ್ಕೋರು ಒಬ್ಬರೇ. ಡಿಸೆಂಬರಿನಲ್ಲಿ ಅವರ ನಿವೃತ್ತಿ. ಅಷ್ಟರೊಳಗೆ ಅವರ ಹನ್ನೆರಡು ಪಾಠಗಳನ್ನು ಕಂಪ್ಯೂಟರಿಗೆ ಇಳಿಸದಿದ್ದರೆ ಉಳಿದ ಮೂರು ಕೇಂದ್ರಗಳಲ್ಲಿ ಹೇಳಿಕೊಡುವವರಿಲ್ಲ. ಪಾಠ ತಯಾರಿಸಲು ಉಚಿತ, ಮುಕ್ತ ತಂತ್ರಾಂಶವೊಂದನ್ನು ಆರಿಸಲು ಮೂವರ ಸಮಿತಿಯಾಯಿತು: ಅಕ್ಕೋರು, ಬಸವರಾಜ, ಮತ್ತು ನಡಾವಳಿ ಬರೆಯಲು ನಾನು. ಸಂಸ್ಥೆಗೆ ಸೇರುವ ಮುಂಚೆ ನಾನು ಪತ್ರಿಕೆಯೊಂದರ ವರದಿಗಾರನಾಗಿದ್ದೆ. ಅಕ್ಕೋರು ನನ್ನನ್ನು ಯಾವಾಗಲೂ 'ಪೇಪರ್‌ನವರ' ಎಂದೇ ಕರೆಯುತ್ತಿದ್ದರು.

ಹೊಸ ಬಟ್ಟೆ ಕೈಗೆ ಬಂದರೆ ಅವರು ಮೊದಲು ಅಳೆಯುತ್ತಿರಲಿಲ್ಲ. ಮೂಲೆಯಿಂದ ಬೆರಳುಗುರಿನಷ್ಟು ಕತ್ತರಿಸಿ, ನೀರಿನಲ್ಲಿ ಅದ್ದಿ, ಬಿಳಿ ಕರವಸ್ತ್ರದ ಮೇಲೆ ಒತ್ತುತ್ತಿದ್ದರು. ಬಣ್ಣ ಬಿಟ್ಟರೆ ಆ ಬಟ್ಟೆ ವಾಪಸ್ಸು. ಒಮ್ಮೆ ಈದ್‌ಗೆಂದು ಅವರ ತಮ್ಮ ತಂದ ಬಟ್ಟೆಗೂ ಅವನೆದುರೇ ಹಾಗೆ ಮಾಡಿದರು.

"ಆಪಾ, ನನ್ನ ಮ್ಯಾಲೂ ಭರೋಸಾ ಇಲ್ಲೇನು?"

"ನಿನ್ನ ಮ್ಯಾಲೆ ಐತೋ. ಬಣ್ಣಾ ಹಚ್ಚಿದಾವ ನನ್ನ ತಮ್ಮ ಅಲ್ಲಲಾ."

ತಂತ್ರಾಂಶಗಳ ಮೇಲಿನ ಸಂಶಯಕ್ಕೆ ಬೇರೆ ಕಾರಣವೂ ಇತ್ತು. ಕೆಲವು ವರ್ಷಗಳ ಹಿಂದೆ ಅವರು ಪುಕ್ಕಟೆ ಆ್ಯಪ್ ಒಂದರಲ್ಲಿ ಪಾಠಗಳನ್ನು ಹಾಕಿದ್ದರು. ಒಂದು ಬೆಳಿಗ್ಗೆ ಆ ಆ್ಯಪ್ ತೆರೆಯಲಿಲ್ಲ. ಪರೀಕ್ಷೆ ಎದುರಿಗಿದ್ದ ಸವದತ್ತಿಯ ಹೆಣ್ಣುಮಕ್ಕಳು ಖಾಲಿ ಫೋನುಗಳನ್ನು ಹಿಡಿದುಕೊಂಡು ಬಂದರು. "ಪಾಠ ನನ್ನವು. ಬಾಗಲಾ ಅವರದು, ಕೀಲಿ ಅವರದು" ಎಂದು ಅಕ್ಕೋರು ಎಷ್ಟೋ ಸಲ ಹೇಳಿದ್ದಾರೆ.

ವಾಯರ್ ಪರೀಕ್ಷೆಯಲ್ಲಿ ಮೊದಲನೆಯ ತಂತ್ರಾಂಶ ಬಿದ್ದುಹೋಯಿತು. ಎರಡನೆಯದು ವಾಯರ್ ಇಲ್ಲದೆಯೂ ತೆರೆಯಿತು. ಆದರೆ ಪಾಠವನ್ನು ಪೆನ್‌ಡ್ರೈವಿಗೆ ಹಾಕಿ ಇನ್ನೊಂದು ಕಂಪ್ಯೂಟರಿನಲ್ಲಿ ನೋಡಿದಾಗ ಕನ್ನಡದ ಒತ್ತಕ್ಷರಗಳೆಲ್ಲ ಕಳಚಿ ಪಕ್ಕಕ್ಕೆ ಬಂದಿದ್ದವು. ಅಕ್ಕೋರು ಕನ್ನಡಕ ಏರಿಸಿ ನೋಡಿ, "ಕಾಜಾ ಒಂದ್ಕಡೆ, ಗುಂಡಿ ಒಂದ್ಕಡೆ" ಅಂದರು.

ಮೂರನೆಯದು ನೋಡಲು ಸಪ್ಪೆ. ಬಣ್ಣವಿಲ್ಲ, ಕುಣಿಯುವ ಚಿತ್ರಗಳಿಲ್ಲ. ವಾಯರ್ ಕಿತ್ತರೂ ತೆರೆಯಿತು, ಅಕ್ಷರವೂ ನಿಂತಿತು. ಅಕ್ಕೋರ ಸಂಶಯ ಹೆಚ್ಚಿತು.

"ಇಷ್ಟು ಸುಮ್ಮಕ ಕೆಲಸ ಮಾಡಾಕ ಹತ್ತೇತಿ ಅಂದ್ರ ಒಳಗ ಏನರ ಇರಬೇಕು. ಬಸಣ್ಣ, ಹೊಲಿದ ಜಂಪರ್ ತೋರಿಸಿದಿ. ಕಟಿಂಗ್ ಕಾಗದ ಎಲ್ಲಿ?"

ಬಸವರಾಜನಿಗೆ ಅರ್ಥವಾಗಲಿಲ್ಲ. ಅಕ್ಕೋರು ಬಿಡಿಸಿ ಹೇಳಿದರು. ಹೊಲಿದ ಜಂಪರಿನಿಂದ ಇನ್ನೊಂದು ಜಂಪರ್ ಹೊಲಿಯಲಾಗದು. ಅದಕ್ಕೆ ಅಳತೆ ತೆಗೆದು ಕತ್ತರಿಸಿದ ಕಾಗದ ಬೇಕು. ಹಾಗೆಯೇ, ಸಿದ್ಧವಾದ ಪಾಠವನ್ನು ನಾಳೆ ಬಿಚ್ಚಿ ತಿದ್ದಬೇಕಾದರೆ ಏನು ಬೇಕು? ಆಗ ಬಸವರಾಜ ಪರದೆಯ ಮೇಲೆ ಒಂದು ಚೌಕ ತೋರಿಸಿದ. ಅದಕ್ಕೆ ಗುರುತು ಹಾಕಿದರೆ ಪಾಠದ ಮೂಲ ಕಡತವೂ ಜೊತೆಗೇ ಹೋಗುತ್ತದೆ. ಗುರುತು ತೆಗೆದರೆ ಪಾಠ ಓದಲು ಮಾತ್ರ, ತಿದ್ದಲಾಗದು.

"ಇದನ್ನ ಬರಕೋರಿ, ಪೇಪರ್‌ನವರ. ಮೂಲ ಕಡತ ಜೋಡಿಗೇ ಇರಬೇಕು. ದಪ್ಪ ಅಕ್ಷರದಾಗ ಬರೀರಿ."

ಬರೆದೆ. ಮೂರನೆಯದು ಒಪ್ಪಿಗೆಯಾಯಿತು.

ಡಿಸೆಂಬರಿನವರೆಗೆ ಅಕ್ಕೋರು ತಾವೇ ಕುಳಿತು ಹನ್ನೆರಡೂ ಪಾಠ ಮಾಡಿದರು. ಬಸವರಾಜ ಹತ್ತಿರ ಬಂದರೆ ಪರದೆಯನ್ನು ಸೆರಗಿನಿಂದ ಮುಚ್ಚುತ್ತಿದ್ದರು. ಬೀಳ್ಕೊಡುಗೆಯ ದಿನ ಪೆನ್‌ಡ್ರೈವ್ ಒಪ್ಪಿಸಿದರು. ಹೊದಿಸಿದ ಶಾಲಿನ ಮೂಲೆಯನ್ನು ವೇದಿಕೆಯ ಮೇಲೆಯೇ ಬೆರಳಿನಲ್ಲಿ ಉಜ್ಜಿ ನೋಡಿದರು.

ಫೆಬ್ರುವರಿಯಲ್ಲಿ ರಾಮದುರ್ಗ ಕೇಂದ್ರ ನೋಡಿಕೊಳ್ಳುವ ಕಸ್ತೂರಿ ಫೋನ್ ಮಾಡಿದಳು. "ಸರ್, ಏಳನೇ ಪಾಠ ನೋಡಿ ಎಲ್ಲಾರೂ ತೋಳು ಕತ್ತರಿಸ್ಯಾರ್ರಿ. ಒಬ್ಬರ ಕೈಯೂ ಒಳಗ ಹೋಗವಲ್ದು. ಬಟ್ಟಿ ಅವರವರದ ರೀ. ನನ್ನ ಮಾರಿ ನೋಡಾಕ ಹತ್ಯಾರ."

ಬಸವರಾಜ ಪಾಠವನ್ನು ತಿದ್ದಲು ಕುಳಿತ. ಪೆನ್‌ಡ್ರೈವಿನಲ್ಲೂ ಕೇಂದ್ರದ ಕಂಪ್ಯೂಟರಿನಲ್ಲೂ ಮೂಲ ಕಡತ ಇರಲಿಲ್ಲ. ಹನ್ನೆರಡರಲ್ಲಿ ಒಂದಕ್ಕೂ ಇರಲಿಲ್ಲ. ಆ ಚೌಕದ ಗುರುತನ್ನು ಅಕ್ಕೋರು ತೆಗೆದಿದ್ದರು.

ನಾನು ಮುರಗೋಡಕ್ಕೆ ಹೋದೆ. ನಿವೃತ್ತಿಯ ನಂತರ ಅವರು ಅಲ್ಲಿ ತಂಗಿಯ ಮನೆಯಲ್ಲಿದ್ದರು. ಬಾಗಿಲು ಅರ್ಧ ತೆರೆದು, "ಯಾರು ಕಳಿಸ್ಯಾರ? ಬಸಣ್ಣ ಏನು?" ಎಂದು ಕೇಳಿದರು. ತೋಳಿನ ವಿಷಯ ಹೇಳಿದೆ.

"ನನ್ನ ಅಳತಿ ತಪ್ಪಂಗಿಲ್ಲ. ಯಾರರ ನಡಕ ತಿದ್ದಿರಬೇಕು."

"ಯಾರಿಗೂ ತಿದ್ದಾಕ ಬರಂಗಿಲ್ರಿ ಅಕ್ಕೋರ. ಕಟಿಂಗ್ ಕಾಗದ ನಿಮ್ಮ ಹತ್ರನ ಐತಿ."

ಅವರು ಬಾಗಿಲನ್ನು ಪೂರ್ತಿ ತೆರೆದರು. ಒಳಗಿನಿಂದ ಟೇಪು, ಕತ್ತರಿ, ಹಳೆಯ ಪೇಪರ್ ತಂದರು. ನನ್ನ ಫೋನಿನಲ್ಲಿ ತಮ್ಮದೇ ಪಾಠವನ್ನು ನೋಡುತ್ತ, ಅದು ಹೇಳಿದಂತೆಯೇ ತೋಳು ಕತ್ತರಿಸಿ ತಂಗಿಯ ಕೈಗೆ ಸುತ್ತಿದರು. ಅಂಚುಗಳು ಕೂಡಲಿಲ್ಲ.

"ಒಂದಿಂಚು" ಅಂದರು. ಕಾಗದ ಮಡಿಸುತ್ತ ಹೇಳಿದರು, "ಹೊಲಿಗಿ ಕಲಿಸಿದ ನಮ್ಮ ಉಸ್ತಾದ್ರು ಕಟಿಂಗ್ ಕಾಗದ ಟ್ರಂಕಿನಾಗ ಇಟ್ಟು ಕೀಲಿ ಹಾಕ್ತಿದ್ರು. ಆರು ವರ್ಷದಾಗ ಒಂದೂ ಕೊಡಲಿಲ್ಲ. ಕದ್ದು ನೋಡಿ ಕಲ್ತೀನಿ."

"ನೀವೂ ಹಂಗ ಮಾಡಿದ್ರಲ್ರಿ."

"ಕೊಟ್ರ ನಾಳೆ ಬಸಣ್ಣ ತನ್ನ ಹೆಸರು ಹಾಕ್ಕೋತಾನ."

"ಹಾಕ್ಕೊಳ್ಳಂಗಿಲ್ರಿ."

"ಬರದ ಕೊಡ್ತೀರೇನು?"

ಪಾಠಗಳ ಮೇಲೆ ಅವರ ಹೆಸರೇ ಇರುತ್ತದೆ ಎಂದು ಬರೆದು ಸಹಿ ಮಾಡಿಕೊಟ್ಟೆ. ಎರಡು ಸಲ ಓದಿದರು. ಒದ್ದೆ ಬೆರಳಿನಿಂದ ಸಹಿಯ ತುದಿಯನ್ನು ಮುಟ್ಟಿ ನೋಡಿದರು. ಚಹಾ ಕೊಟ್ಟರು. ಮೂಲ ಕಡತದ ಬಗ್ಗೆ "ನೋಡೂಣು" ಅಂದರು. ಆಮೇಲೆ ನಾನು ಅವರನ್ನು ನೋಡಿಲ್ಲ.

ಒಂಬತ್ತನೇ ದಿನ ಬಸ್ ಕಂಡಕ್ಟರ್ ಒಬ್ಬರು ನಮ್ಮ ಕೇಂದ್ರಕ್ಕೆ ಪುಟ್ಟ ಬಟ್ಟೆಯ ಚೀಲ ತಲುಪಿಸಿದರು. ನಾಲ್ಕೂ ಕಡೆ ಹೊಲಿಗೆ ಹಾಕಿತ್ತು. ಬಿಚ್ಚಿದಾಗ ಒಳಗೆ ಪೆನ್‌ಡ್ರೈವ್ ಇತ್ತು. ಏಳನೇ ಪಾಠದ ತೋಳಿಗೆ ಒಂದಿಂಚು ಸೇರಿತ್ತು. ಮಾರ್ಚಿನಲ್ಲಿ ರಾಮದುರ್ಗದವರು ಹೊಸ ಅಳತೆಯಲ್ಲಿ ಕತ್ತರಿಸಿದರು; ತೋಳು ಸರಿ ಬಂದಿದೆ ಎಂದು ಕಸ್ತೂರಿ ತಿಳಿಸಿದಳು.

ಪೆನ್‌ಡ್ರೈವಿನಲ್ಲಿ ಹನ್ನೊಂದು ಪಾಠಗಳ ಮೂಲ ಕಡತಗಳಿವೆ. ಹನ್ನೆರಡನೆಯದು ಎಲ್ಲಕ್ಕಿಂತ ಕಷ್ಟದ ಕಟಿಂಗ್, ತುಂಡುಗಳನ್ನು ಬಟ್ಟಲಿನಾಕಾರಕ್ಕೆ ಜೋಡಿಸಿ ಹೊಲಿಯುವ ಕಟೋರಿ ಜಂಪರಿನದು. ಅದು ಇವತ್ತಿನವರೆಗೆ ಬಂದಿಲ್ಲ.