ಅಣ್ಣನ ಕೊರಳಿನ ಗೀಟುಗಳು

ಅಣ್ಣನ ಕೊರಳಿನ ಮೇಲೆ ಡಾಕ್ಟರು ಎಳೆದಿದ್ದ ಗೀಟುಗಳನ್ನು ತೊಳೆದು ಅಳಿಸಿದವನು ನಾನು. ಅಂದಾಜಿನ ಮೇಲೆ ತಿರುಗಿ ಬರೆದವನೂ ನಾನೇ. ಅದನ್ನು ಮುಚ್ಚಿಟ್ಟೆ — ಅಣ್ಣ ಸತ್ತ ಮೇಲೂ ಎಂಟು ವರ್ಷ.

ಅಣ್ಣ ಮಲ್ಲಪ್ಪ ಸಾಲೋಟಗಿಯಲ್ಲಿ ಲಿಂಬೆ ತೋಟ ನೋಡಿಕೊಂಡಿದ್ದ. ಎಡಗಲ್ಲದಲ್ಲಿ ಯಾವಾಗಲೂ ತಂಬಾಕು. ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಚಳಿಗಾಲ, ಉಪ್ಪಿನಕಾಯಿ ಬಾಯಿಗಿಟ್ಟರೆ ಉರಿಯುತ್ತದೆ ಅಂದ. ಕೆಲವು ತಿಂಗಳು ಹಾಗೇ ಬಿಟ್ಟ. ಕೊರಳಲ್ಲಿ ಗಂಟು ಕೈಗೆ ಸಿಕ್ಕ ಮೇಲೆ ಸೊಲ್ಲಾಪುರಕ್ಕೆ ಕರೆದೊಯ್ದೆವು. ಹುಣ್ಣಿನ ಚೂರು ತೆಗೆದು ಪರೀಕ್ಷೆ ಮಾಡಿದರು. ಕ್ಯಾನ್ಸರ್.

ಮೊದಲು ಆಪರೇಷನ್ ಆಯಿತು. ಉಳಿದದ್ದಕ್ಕೆ ಕಿರಣ ಚಿಕಿತ್ಸೆ — ನಮ್ಮ ಕಡೆ ಅದಕ್ಕೆ ‘ಕರೆಂಟ್ ಕೊಡೋದು’ ಅನ್ನುತ್ತಾರೆ. ವೈನಿಗೆ, ಅಂದರೆ ಅಣ್ಣನ ಹೆಂಡತಿ ಶಾಂತವ್ವನಿಗೆ, ಡಾಕ್ಟರು ಬಿಡಿಸಿ ಹೇಳಿದರು.

“ಮೈಯಾಗಿನ ಜೀವಕೋಶ ಒಂದು ಒಡದು ಎರಡಾಗ್ತಾವ, ಸಾಕಾದ ಮ್ಯಾಲೆ ನಿಲ್ತಾವ. ಇವು ನಿಲ್ಲೂದು ಮರತಾವ. ಕಿರಣ ಬಿದ್ರ ಒಡಿಯೂದು ನಿಂತು ಸಾಯ್ತಾವ. ಆದ್ರ ಬಾಜೂಕಿನ ಒಳ್ಳೇವಕ್ಕೂ ಪೆಟ್ಟು ಬೀಳ್ತದ. ಅದಕ್ಕs ಈ ಗೀಟು, ಇದರೊಳಗಷ್ಟs ಕಿರಣ ಬಿಡಾಕ. ನೀರು ತಾಕಿಸಬ್ಯಾಡ್ರಿ.”

ನನಗೆ ಬಿಡಿಸಿ ಹೇಳಬೇಕಾದ್ದು ಏನೂ ಇರಲಿಲ್ಲ. ನಾನು ಸಿಂದಗಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಜೀವಕೋಶ ಒಡೆಯುವ ಚಿತ್ರವನ್ನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದವನು.

ವಾರಕ್ಕೆ ಐದು ದಿನ ಕರೆಂಟ್, ಶನಿವಾರ ಭಾನುವಾರ ಊರು. ಬೇಸಿಗೆ ರಜೆಯಿದ್ದುದರಿಂದ ನಾನೇ ಜೊತೆಗೆ ಓಡಾಡಿದೆ. ಕೊರಳ ಎಡಗಡೆ, ಕಿವಿಯ ಕೆಳಗಿನಿಂದ ನೇರಳೆ ಶಾಯಿಯ ಗೀಟುಗಳು. ವೈನಿ ಅವನ್ನು ಕಾಯ್ದಷ್ಟು ಯಾರೂ ಕಾಯಲಿಲ್ಲ. ಒದ್ದೆ ಬಟ್ಟೆಯಿಂದ ಅಣ್ಣನ ಮೈ ಒರೆಸುತ್ತಿದ್ದಳು, ಕೊರಳಿನ ಹತ್ತಿರ ಕೈ ತರುತ್ತಿರಲಿಲ್ಲ.

ಮೂರನೆಯ ವಾರದ ಭಾನುವಾರ ವೈನಿ ಇಂಡಿಯ ಸಂತೆಗೆ ಹೋಗಿದ್ದಳು. ಅಣ್ಣ ಬಚ್ಚಲ ಕಲ್ಲಿನ ಮೇಲೆ ಹೋಗಿ ಕುಳಿತ.

“ಬಸು, ಮೈಯೆಲ್ಲಾ ಅಂಟಾಕತ್ತೈತಿ. ಎರಡು ತಂಬಗಿ ನೀರು ಹಾಕೋ.”

ಹಾಕಿದೆ. ಬೆನ್ನಿಗೆ ಸಾಬೂನು ಹಚ್ಚಿದೆ. ಅಣ್ಣ ಕಣ್ಣು ಮುಚ್ಚಿ, ಎಷ್ಟೋ ದಿನಗಳ ಮೇಲೆ ಹಾಯೆನಿಸಿದವನಂತೆ — ನಾನು ಇನ್ನೂ ಎರಡು ತಂಬಿಗೆ ಹಾಕಿದೆ. ತಲೆಯ ಮೇಲೆ. ಕೊರಳಿನಿಂದ ನೇರಳೆ ನೀರು ಇಳಿದು ಹೋಯಿತು.

ಹೆದರಿಕೆಯಾಗಲಿಲ್ಲ. ಏನೂ ಅನ್ನಿಸಲಿಲ್ಲ. ಕೊರಳು ಒರೆಸಿ, ಮನೆಯಲ್ಲಿದ್ದ ಸ್ಕೆಚ್ ಪೆನ್ ತಂದು ಉಳಿದ ಕಲೆ ನೋಡಿ ಗೀಟು ಎಳೆದೆ. ಮೇಲಿನದು ಕಾಣುತ್ತಿತ್ತು. ಕೆಳಗಿನದು — ಕೆಳಗಿನದನ್ನು ನೆನಪಿನಿಂದ ಎಳೆದೆ.

ಸೋಮವಾರ ಮಶೀನಿನವನು ಕೇಳಿದ, “ಗೀಟು ದಪ್ಪ ಆಗ್ಯಾವಲ್ಲ, ಯಾರು ತಿದ್ದಿದ್ರು?”

“ಮಸಕಾಗಿದ್ವು ಅಂತ ಶುಕ್ರವಾರ ನಿಮ್ಮವರs ತಿದ್ದ್ಯಾರ್ರಿ” ಅಂದೆ.

ಅವನು ನಂಬಿದ. ‘ಅಳಿಸಿ ಹೋಗ್ಯಾವ್ರಿ’ ಅಂದಿದ್ದರೆ ಡಾಕ್ಟರು ಬಂದು ಅಳೆದು ಮತ್ತೆ ಎಳೆಯುತ್ತಿದ್ದರು. ಒಂದು ಬೈಗುಳ ಕೇಳಬೇಕಾಗುತ್ತಿತ್ತು, ಅಷ್ಟೇ. ಮಾಸ್ತರನಾದವನಿಗೆ ಅದು — ಇಲ್ಲ, ಅದಕ್ಕೆ ಕಾರಣ ಹುಡುಕುವುದಿಲ್ಲ.

ಚಿಕಿತ್ಸೆ ಮುಗಿಯಿತು. ಅಣ್ಣ ತೋಟಕ್ಕೆ ಹೋಗತೊಡಗಿದ. ಏಳೆಂಟು ತಿಂಗಳಿಗೆ ಕೊರಳಲ್ಲಿ ಮತ್ತೆ ಗಂಟು ಎದ್ದಿತು, ಹಳೆಯ ಜಾಗಕ್ಕಿಂತ ಸ್ವಲ್ಪ ಕೆಳಗೆ. ಸ್ವಲ್ಪ ಕೆಳಗೆ. ಸಲಾಯಿನ್ನಿನಲ್ಲಿ ಔಷಧ ಕೊಟ್ಟರು. ಕೂದಲು ಹೋಯಿತು, ಗಂಟು ಹೋಗಲಿಲ್ಲ. ಎಲ್ಲ ಸರಿಯಿದ್ದರೂ ಕೆಲವರಿಗೆ ಹೀಗೆ ತಿರುಗಿ ಬರುತ್ತದೆ ಅಂದರು ಡಾಕ್ಟರು. ಎಲ್ಲ ಸರಿಯಿತ್ತೆಂದು ಅವರು ತಿಳಿದಿದ್ದರು.

ಅಣ್ಣ ಹೋದ ಮೂರನೆಯ ದಿನ ವೈನಿ ನನ್ನೆದುರು ಬಂದು ಕುಳಿತಳು.

“ಕರೆಂಟ್ ಮುಗಿದ ಮ್ಯಾಲೆ ಒಂದs ಸಲ, ಭಾಳ ಅಂಗಲಾಚಿದ್ರಂತ ಒಂದು ಚಿಟಿಕಿ ತಂಬಾಕ ಕೊಟ್ಟಿದ್ನಿ ಬಸು. ಅದಕ್ಕs ತಿರಗಿ ಬಂತೇನು?”

ಒಂದು ಚಿಟಿಕೆಗೆ ಹಾಗಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೇಳಬಹುದಿತ್ತು. ಹೇಳಿದರೆ ‘ಮತ್ಯಾಕ ಬಂತು?’ ಎಂದು ಕೇಳುತ್ತಾಳೆ ಅಂತ... ತಲೆ ತಗ್ಗಿಸಿ ಕುಳಿತೆ. ನನ್ನ ಮೌನವನ್ನು ಅವಳು ಹೌದು ಎಂದೇ ತಿಳಿದಳು.

ಎಂಟು ವರ್ಷ ಹಾಗೇ ತಿಳಿದಿದ್ದಳು. ಹೋದ ತಿಂಗಳು ಅವಳ ಮೊಮ್ಮಗನಿಗೆ ಮೊದಲ ತುತ್ತು ಉಣಿಸುವ ದಿನ. ಸೊಸೆ ಬಟ್ಟಲು ಕೊಟ್ಟರೆ ವೈನಿ ಹಿಂದೆ ಸರಿದಳು. “ನನ್ನ ಕೈಲೆ ಬ್ಯಾಡ. ಈ ಕೈ ಒಬ್ಬರನ್ನ ನುಂಗೇತಿ” ಅಂದಳು. ನಾನು ಅಲ್ಲೇ ಇದ್ದೆ. ಊಟ ಮಾಡಿ ಸಿಂದಗಿಗೆ ಮರಳಿದೆ.

ಮುಂದಿನ ಭಾನುವಾರ ಮತ್ತೆ ಹೋಗಿ ಎಲ್ಲ ಹೇಳಿದೆ. ಬಚ್ಚಲು, ಸ್ಕೆಚ್ ಪೆನ್, ಸುಳ್ಳು. ಒಂದು ಚಿಟಿಕೆ ತಂಬಾಕಿನಿಂದ ಹಾಗಾಗುವುದಿಲ್ಲವೆಂದೂ ಹೇಳಿದೆ. ಮುಗಿದ ಮೇಲೆ ವೈನಿ ಕೇಳಿದಳು:

“ಎಷ್ಟು ಸರದಿತ್ತು, ಗೀಟು?”

“ಗೊತ್ತಿಲ್ಲ ವೈನಿ.”

“ಅದು ಗೊತ್ತಿರಲಿಲ್ಲ, ಬಿಡು. ಚಿಟಿಕಿ ತಂಬಾಕಿಂದು ಅವತ್ತs ಗೊತ್ತಿತ್ತಲ್ಲ ನಿನಗ?”

“ಗೊತ್ತಿತ್ತು” ಅಂದೆ.

ಅವಳು ಎದ್ದು ಒಳಗೆ ಹೋದಳು. ಸಂಜೆಯ ಬಸ್ಸಿನ ತನಕ ಕಟ್ಟೆಯ ಮೇಲೆ ಕುಳಿತಿದ್ದೆ. ವೈನಿ ಹೊರಗೆ ಬರಲಿಲ್ಲ. ನಾನೂ ಕರೆಯಲಿಲ್ಲ.