ಚಿಕ್ಕಪ್ಪ ಮಲಗುತ್ತಿದ್ದ ಜಾಗ

ನೊಣವಿನಕೆರೆಯ ನಮ್ಮ ಚಿಕ್ಕಪ್ಪ ಹುಚ್ಚಣ್ಣನವರು ನೌಕಾಪಡೆಯ ಜಲಾಂತರ್ಗಾಮಿಯೊಂದರಲ್ಲಿ ಮೆಕ್ಯಾನಿಕ್ ಆಗಿದ್ದವರು. ಒಳಗಿನ ವಿಷಯವನ್ನು ಹೊರಗೆ ಆಡಬಾರದೆಂಬ ಅಲ್ಲಿನ ಕಟ್ಟಳೆಯನ್ನು ಅವರು ನಿವೃತ್ತರಾದ ಮೇಲೂ ಬಿಡಲಿಲ್ಲ. ತಮ್ಮದೇ ತೋಟದ ತೆಂಗಿನಕಾಯಿಗೆ ನುಸಿ ಬಿದ್ದ ಸಂಗತಿ ನಮಗೆ ತಿಳಿದದ್ದು ನೆರೆಯವರಿಂದ. ಸೇವೆಯಲ್ಲಿದ್ದಾಗ ಚಿಕ್ಕಪ್ಪ ರಜೆಗೆ ಬಂದಾಗಲೆಲ್ಲ ಚಿಕ್ಕಮ್ಮ ರಾಮಲಕ್ಷ್ಮಮ್ಮ ಕೇಳುತ್ತಿದ್ದುದು ಒಂದೇ ಪ್ರಶ್ನೆ: ನೀರಿನಡಿಯಲ್ಲಿ ಮಲಗುವುದೆಲ್ಲಿ? "ಜಾಗ ಐತೆ" ಎಂಬುದಕ್ಕಿಂತ ಹೆಚ್ಚಿನ ಉತ್ತರ ಆಕೆಗೆ ಎಂದೂ ಸಿಗಲಿಲ್ಲ.

ಆ ಜಲಾಂತರ್ಗಾಮಿಯನ್ನು ಸೇವೆಯಿಂದ ತೆಗೆದು, ಪೂರ್ವ ಕರಾವಳಿಯ ಊರೊಂದರಲ್ಲಿ ದಡಕ್ಕೆಳೆದು ಜನರ ನೋಟಕ್ಕಿಟ್ಟಿದ್ದಾರೆಂದು ಪತ್ರಿಕೆಯಲ್ಲಿ ಓದಿದ ನಾನು, ಕಳೆದ ಜನವರಿಯಲ್ಲಿ ಇಬ್ಬರನ್ನೂ ಕರೆದೊಯ್ದೆ. ಅದರ ಮುಂದೆ ಒಡೆಯಲೆಂದು ಚಿಕ್ಕಮ್ಮ ತೋಟದ ಕಾಯೊಂದನ್ನು ಚೀಲದಲ್ಲಿ ತಂದಿದ್ದರು. ಬಾಗಿಲಿನ ಕಾವಲುಗಾರ ಅದನ್ನು ತೆಗೆದಿರಿಸಿಕೊಂಡ. "ದೇವಸ್ಥಾನದಲ್ಲೂ ಹಿಂಗೆ ಕಿತ್ಕಳಲ್ಲ ಕಣಪ್ಪ" ಎಂದು ಆಕೆ ರೇಗಿದ್ದು ನನ್ನ ಮೇಲೆ.

ಒಳಗೆ ಸಾಲು ನಿಲ್ಲುವಂತಿರಲಿಲ್ಲ. ಮಂಡಿ ನೋವಿನ ಚಿಕ್ಕಮ್ಮ ಒಂದೊಂದು ದುಂಡು ಬಾಗಿಲನ್ನು ಕಾಲೆತ್ತಿ ದಾಟುವಷ್ಟರಲ್ಲಿ ಹಿಂದಿನವರು ಗೊಣಗುತ್ತಿದ್ದರು. ಕೊನೆಯ ಕೋಣೆಯ ಮುಂದೆ ಚಿಕ್ಕಪ್ಪ ನಿಂತುಬಿಟ್ಟರು. ಅವರು ಮಲಗುತ್ತಿದ್ದುದು ಅದರೊಳಗೇ ಎಂಬುದು ನಿಂತ ರೀತಿಯಿಂದಲೇ ನಮ್ಮಿಬ್ಬರಿಗೂ ತಿಳಿಯಿತು. ದುರಸ್ತಿಯ ಫಲಕ ತೂಗುಹಾಕಿ, ಬಾಗಿಲಿಗೆ ಸರಪಳಿ ಬಿಗಿದಿದ್ದರು. ಇಲ್ಲಿಯೇ ದುಡಿದವನೆಂದು ಒಂದು ಮಾತು ಹೇಳಿದ್ದರೆ ಅದನ್ನು ಬಿಚ್ಚುತ್ತಿದ್ದರೇನೋ. ನಾನೇ ಹೇಳಲು ಬಾಯಿ ತೆರೆದೆ. ಚಿಕ್ಕಪ್ಪ ನನ್ನ ತೋಳನ್ನು ಬಿಗಿಯಾಗಿ ಹಿಡಿದರು. ಮುಂದೆ ಸಾಗಿರೆಂದು ಮಾರ್ಗದರ್ಶಕ ಹಿಂದಿಯಲ್ಲಿ ಗದರಿಸಿದ. ಅವರು ವಿಧೇಯರಾಗಿ ಸಾಗಿದರು.

ಹೊರಗೆ ಬಂದೊಡನೆ ಚಿಕ್ಕಮ್ಮ ಕೇಳಿದರು: "ಒಂದ್ ಮಾತು ಹೇಳಿದ್ರೆ ನಿಮ್ ಗಂಟೇನು ಹೋಗ್ತಿತ್ತು?"

"ಬುಡು" ಎಂದರು ಚಿಕ್ಕಪ್ಪ.

ತಿಪಟೂರಿನಲ್ಲಿ ರೈಲು ಇಳಿಯುವವರೆಗೂ ಆಕೆ ನಮ್ಮಿಬ್ಬರೊಡನೆಯೂ ಮಾತನಾಡಲಿಲ್ಲ.

ಮರುವಾರ ನಾನು ಅವರ ಮನೆಗೆ ಹೋದಾಗ ಚಿಕ್ಕಪ್ಪ ಅಟ್ಟದ ಮೇಲಿದ್ದರು. ಕೊಬ್ಬರಿಯಾಗಲೆಂದು ಅಲ್ಲಿ ಹಾಕಿದ್ದ ಕಾಯಿಗಳನ್ನು ಎರಡೂ ಬದಿಗೆ ಸರಿಸಿ, ನಡುವೆ ಉಳಿದ ಇಕ್ಕಟ್ಟಿನಲ್ಲಿ ಮಂಡಿ ಮಡಚಿಕೊಂಡು ಮಗ್ಗುಲಾಗಿ ಮಲಗಿ ಹೆಂಡತಿಯನ್ನು ಕೂಗಿದರು. ಚಿಕ್ಕಮ್ಮ ನೋವಿನ ಮಂಡಿಯಲ್ಲೇ ಏಣಿ ಹತ್ತಿ ಇಣುಕಿದರು.

"ಇಷ್ಟೇ ಕಣೇ. ಹೊರಳಂಗಿಲ್ಲ."

ಏಣಿಯ ಮೇಲೆ ನಿಂತು ಆಕೆ ಬಹಳ ಹೊತ್ತು ನೋಡಿದರು.

"ಇದನ್ನ ತೋರ್ಸಕ್ಕೆ ಇಷ್ಟು ವರ್ಷ ಬೇಕಾಯ್ತೇನ್ರೀ? ಇಳೀರಿ, ಕಾಯಿ ಉರುಳ್ತವೆ."

ಚಿಕ್ಕಪ್ಪ ಇಳಿಯಲಿಲ್ಲ. ಆಕೆಯೂ ಏಣಿಯಿಂದ ಕದಲಲಿಲ್ಲ.