ಆಲ್ವೇಸ್ ಎಂದು ಬರೆಯದ ಗುಮಾಸ್ತ

ಇಂಗ್ಲಿಷಿನಲ್ಲಿ ಒಂದು ಲೋಟ ನೀರು ಕೇಳಬೇಕೆಂದರೆ ನಾನು ಇವತ್ತಿಗೂ ತಡವರಿಸುತ್ತೇನೆ. ಆದರೆ ಆಫ್ಟನ್ ಎಲ್ಲಿ ಮುಗಿದು ಯೂಶುವಲಿ ಎಲ್ಲಿ ಶುರುವಾಗುತ್ತದೆ ಎಂದು ಕೇಳಿ ನೋಡಿ, ಅರ್ಧ ಗಂಟೆ ಬಿಡದೆ ಕೊರೆಯುತ್ತೇನೆ. ಆಸ್ಪತ್ರೆಯ ಕಚೇರಿಯಲ್ಲಿ ನಾನು ಹೆಡ್ ಗುಮಾಸ್ತ. ಬೆನ್ನ ಹಿಂದೆ ಎಲ್ಲರೂ ನನ್ನನ್ನು ಡಿಕ್ಷನರಿ ಎನ್ನುತ್ತಾರೆ. ಅದು ಹೊಗಳಿಕೆ ಎಂದು ಇಪ್ಪತ್ತು ವರ್ಷ ನಂಬಿದ್ದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಗ್ಲಿಷ್ ಕ್ರಿಯಾವಿಶೇಷಣಗಳ ಪುಸ್ತಕವೊಂದು ಕೈಗೆ ಸಿಕ್ಕಿತ್ತು. ಉಳಿದ ವ್ಯಾಕರಣ ತಲೆಗೆ ಹತ್ತಲಿಲ್ಲ. ಇದೊಂದು ಹತ್ತಿತು, ಮತ್ತೆ ಇಳಿಯಲೇ ಇಲ್ಲ. ಮೇಜಿನ ಗಾಜಿನ ಕೆಳಗೆ ಒಂದು ಚೀಟಿ ಇಟ್ಟುಕೊಂಡೆ: ತಳದಲ್ಲಿ ನೆವರ್, ಅದರ ಮೇಲೆ ರೇರ್‌ಲಿ, ಸಮ್‌ಟೈಮ್ಸ್, ಆಫ್ಟನ್, ಯೂಶುವಲಿ, ತುದಿಯಲ್ಲಿ ಆಲ್ವೇಸ್. ಒಂದೊಂದರ ಪಕ್ಕದಲ್ಲೂ ನೂರಕ್ಕೆ ಎಷ್ಟು ಎಂದು ಅಂಕಿ ಹಾಕಿದ್ದೆ. ತುದಿಯದನ್ನೂ ತಳದ್ದನ್ನೂ ನಾನು ಮುಟ್ಟುತ್ತಿರಲಿಲ್ಲ. ನೂರಕ್ಕೆ ನೂರು ಎಂದು ಬರೆದು ನಾಳೆ ಸಿಕ್ಕಿಹಾಕಿಕೊಳ್ಳುವವರು ಯಾರು? ಮನೆಯಲ್ಲೂ ಇದೇ ಕಥೆ. ನೀವು ಯಾವಾಗಲೂ ತಡವಾಗಿ ಬರುತ್ತೀರಿ ಎಂದು ಹೆಂಡತಿ ರೇಗಿದರೆ, ಯಾವಾಗಲೂ ಅಲ್ಲ, ಆಗಾಗ ಎಂದು ತಿದ್ದುತ್ತಿದ್ದೆ. ಅವಳು ತಟ್ಟೆ ಕುಕ್ಕಿದಾಗ ಅದಕ್ಕೊಪ್ಪುವ ಕ್ರಿಯಾವಿಶೇಷಣ ಯಾವುದೆಂದು ಯೋಚಿಸುತ್ತ ಊಟ ಮಾಡುತ್ತಿದ್ದೆ.

ನಮ್ಮ ಔಷಧಿ ಸ್ಟೋರು ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ಸ್ಟೋರಕ್ಕ ಎನ್ನುತ್ತಿದ್ದೆವು. ಹತ್ತೊಂಬತ್ತು ವರ್ಷದ ಸರ್ವಿಸು. ಒಮ್ಮೆ ಕೈಗವಸಿನ ಪೆಟ್ಟಿಗೆಯಲ್ಲಿ ಒಂದು ಜೊತೆ ಕಡಿಮೆ ಬಂತೆಂದು ಅವರು ಊಟ ಬಿಟ್ಟು ರಟ್ಟುಗಳನ್ನೆಲ್ಲ ಕೊಡವಿ, ಅಂಟುಪಟ್ಟಿಗೆ ಮೆತ್ತಿಕೊಂಡಿದ್ದ ಆ ಜೊತೆಯನ್ನು ಹುಡುಕಿ ತೆಗೆದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಬೇರೊಂದು ದೊಡ್ಡ ಆಸ್ಪತ್ರೆಯಲ್ಲಿ ಮುಖ್ಯ ಸ್ಟೋರ್ ಕೀಪರ್ ಹುದ್ದೆ ಖಾಲಿಯಾದಾಗ ಅವರು ಅರ್ಜಿ ಹಾಕಿದರು. ಮುಂದಿನ ತಿಂಗಳಿಗೆ ವಯಸ್ಸಿನ ಮಿತಿ ಮೀರುತ್ತಿದ್ದುದರಿಂದ ಅದೇ ಅವರ ಕೊನೆಯ ಅವಕಾಶ. ಶಿಫಾರಸು ಪತ್ರ ಬರೆಯುವ ಕೆಲಸ ನನ್ನ ಮೇಜಿಗೆ ಬಂತು.

ಮೂರು ದಿನ ಕೂತು ಬರೆದೆ. ಈಕೆ ಯೂಶುವಲಿ ಪ್ರಾಮಾಣಿಕರು, ಜನರಲಿ ನಂಬಿಕೆಗೆ ಅರ್ಹರು ಎಂದು ಇಂಗ್ಲಿಷಿನಲ್ಲಿ ಅಳೆದು ತೂಗಿ ಬರೆದು, ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಸೂಪರಿಂಟೆಂಡೆಂಟ್ ಡಾಕ್ಟರು, ನೀವು ಬರೆದ ಮೇಲೆ ಓದುವುದೇನಿದೆ ಎಂದು ಸಹಿ ಹಾಕಿಬಿಟ್ಟರು.

ಸಂದರ್ಶನದ ದಿನ ಮಧ್ಯಾಹ್ನ ಸ್ಟೋರಕ್ಕ ನೇರವಾಗಿ ನನ್ನ ಮೇಜಿಗೆ ಬಂದರು. ಸಮಿತಿಯವರು ಪತ್ರ ಓದಿ, ಸಾಮಾನ್ಯವಾಗಿ ಪ್ರಾಮಾಣಿಕರಂತೆ, ಮಿಕ್ಕ ದಿನ ಏನು ಮಾಡುತ್ತೀರಿ ಎಂದು ಕೇಳಿದರಂತೆ. ಸಂಜೆ ಐದಕ್ಕೆ ಬೇರೆಯವರ ಹೆಸರು ಗಟ್ಟಿಯಾಗುತ್ತದಂತೆ. ಇಷ್ಟು ಹೇಳುವಾಗ ಅವರು ಅಳಲಿಲ್ಲ, ಕೂಗಾಡಲೂ ಇಲ್ಲ.

"ನಾನು ಯಾವತ್ತು ಕದ್ದೆ ಸಾರ್? ಆ ದಿನ ಯಾವ್ದು ಅಂತ ಹೇಳಿ," ಎಂದರು.

ನನ್ನ ಹಾಳು ಅಭ್ಯಾಸ ನೋಡಿ, ಯೂಶುವಲಿ ಎಂದರೆ ನೂರಕ್ಕೆ ತೊಂಬತ್ತು, ಒಳ್ಳೆಯ ಅಂಕವೇ ಎಂದು ಗಾಜಿನ ಕೆಳಗಿನ ಚೀಟಿ ತೋರಿಸಿದೆ. ಅವರು ಚೀಟಿ ನೋಡಲಿಲ್ಲ, ನನ್ನ ಮುಖ ನೋಡಿದರು. ನಾಚಿಕೆಯಿಂದ ಕುಗ್ಗಿಹೋದೆ. ಪ್ರಾಮಾಣಿಕತೆಗೆ ತೊಂಬತ್ತು ಅಂಕ ಕೊಡುವುದು ಬೈಗುಳಕ್ಕೆ ಸಮ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಪುಸ್ತಕ ಓದಿದ್ದ ನನಗೊಬ್ಬನಿಗೆ ಗೊತ್ತಾಗಲಿಲ್ಲ.

ಐದರೊಳಗೆ ಸಮಿತಿಯವರನ್ನು ಕಾಣಬೇಕೆಂದು ಇಬ್ಬರೂ ಬಸ್ಸು ಹಿಡಿದು ಆ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಸಮಿತಿಯ ಅಧ್ಯಕ್ಷೆ ವಯಸ್ಸಾದ ಡಾಕ್ಟರಮ್ಮ. ಈಕೆಯ ಬಗ್ಗೆ ನಿಮಗೆ ಅನುಮಾನ ಇತ್ತೇ ಎಂದು ಕೇಳಿದರು. ಒಂದು ದಿನವೂ ಇರಲಿಲ್ಲ ಎಂದೆ.

"ಮತ್ತೆ ಯಾಕ್ರೀ ಹೀಗೆ ಬರೆದ್ರಿ?"

ಟೈಪಿಂಗ್ ತಪ್ಪು ಎನ್ನಬಹುದಿತ್ತು. ಡಾಕ್ಟರು ಹೇಳಿದಂತೆ ಬರೆದೆ ಎಂದು ಕೈತೊಳೆದುಕೊಳ್ಳಲೂಬಹುದಿತ್ತು. ಎರಡೂ ತುಟಿಯವರೆಗೆ ಬಂದವು. ಪಕ್ಕದಲ್ಲಿ ಸ್ಟೋರಕ್ಕ ನಿಂತಿದ್ದರು.

"ನನ್ನ ಇಂಗ್ಲಿಷ್ ಚೆನ್ನಾಗಿ ಕಾಣ್ಲಿ ಅಂತ, ಮೇಡಂ," ಎಂದೆ.

ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರಾಗುತ್ತಿತ್ತು. ಅಧ್ಯಕ್ಷೆ ನಮ್ಮ ಡಾಕ್ಟರಿಗೆ ಫೋನ್ ಮಾಡಿದರು. ಓದದೆ ಸಹಿ ಹಾಕಿದ್ದನ್ನು ಅವರು ಒಪ್ಪಿಕೊಂಡರು. ಹೆಸರು ಗಟ್ಟಿಮಾಡುವುದನ್ನು ಅಧ್ಯಕ್ಷೆ ಒಂದು ದಿನ ಮುಂದಕ್ಕೆ ಹಾಕಿ, ಹೊಸ ಪತ್ರ ಕೇಳಿದರು. ಮರುದಿನ ನಮ್ಮ ಡಾಕ್ಟರು ನನ್ನನ್ನು ಕರೆಸಿ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಹಳೆಯ ಪತ್ರ ರದ್ದಾಗಿ ಹೊಸದು ತಯಾರಾಯಿತು. ಈಕೆ ಪ್ರಾಮಾಣಿಕರು ಎಂಬ ಒಂದೇ ಸಾಲು. ಅದನ್ನು ಬರೆಯಲು ನನಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ.

ಕೆಲಸ ಸ್ಟೋರಕ್ಕನಿಗೇ ಸಿಕ್ಕಿತು. ಬಿಟ್ಟುಹೋಗುವ ದಿನ ಸ್ಟೋರಿನ ಬೀಗದಕೈ ಒಪ್ಪಿಸಲು ನನ್ನ ಮೇಜಿಗೆ ಬಂದರು. ಎದ್ದು ನಿಂತು, ನನ್ನನ್ನು ಕ್ಷಮಿಸಿ ಎಂದು ಕೇಳಿಕೊಂಡೆ.

"ಕ್ಷಮಿಸಿದೀನಿ ಸಾರ್," ಎಂದರು. ಬಾಗಿಲವರೆಗೆ ಹೋದವರು ತಿರುಗಿ ನಿಂತರು. "ಪೂರ್ತಿಯಾಗಿ ಅಂತ ಮಾತ್ರ ಬರ್ಕೋಬೇಡಿ."